ಆ ದುಡ್ಡು ಏನಾಯ್ತು, ತಾತ?

ನಾನು ಪುಸ್ತಕ ಬರೆಯುತ್ತೇನೆ ಎಂದು ಮನೆಯಲ್ಲಿ ಸಾರಿ ಮೂರು ವರ್ಷವಾಯಿತು. ಮೊದಲ ವರ್ಷ ಎಲ್ಲರಿಗೂ ಹುರುಪು. ಮಗ ಒಳ್ಳೆಯ ಪೆನ್ನು ತಂದುಕೊಟ್ಟ, ಸೊಸೆ ಇನ್ನೂರು ಪುಟದ ನಾಲ್ಕು ನೋಟ್‌ಪುಸ್ತಕ ತಂದಳು. ಎರಡನೆಯ ವರ್ಷ ವಿಚಾರಿಸುವುದು ಕಡಿಮೆಯಾಯಿತು. ಈಗ ನನ್ನಾಕೆ, ‘ಮಧ್ಯಾಹ್ನ ಬರೀತೀರೋ, ಇಲ್ಲಾ ಅವರೆಕಾಯಿ ಬಿಡಿಸಿಕೊಡ್ತೀರೋ?’ ಎಂದು ಕೇಳುತ್ತಾಳೆ. ಹೆಚ್ಚಿನ ದಿನ ನಾನು ಅವರೆಕಾಯಿಯನ್ನೇ ಆರಿಸಿಕೊಂಡಿದ್ದೇನೆ.

ಬಿ.ಕಾಂ. ಮುಗಿಸಿ 1973ರಲ್ಲಿ ಬ್ಯಾಂಕು ಸೇರಿದವನು ನಾನು. 1969ರಲ್ಲಿ ಹದಿನಾಲ್ಕು ದೊಡ್ಡ ಬ್ಯಾಂಕುಗಳು ರಾಷ್ಟ್ರೀಕರಣವಾಗಿದ್ದವು; ಅದುವರೆಗೆ ಬ್ಯಾಂಕಿನ ಬಾಗಿಲು ಕಾಣದ ಊರುಗಳಲ್ಲಿ ಶಾಖೆ ತೆರೆಯುತ್ತಿದ್ದ ಕಾಲ. ಕಂಪ್ಯೂಟರ್ ಇಲ್ಲ. ಎರಡು ಕೈಯಲ್ಲಿ ಎತ್ತಬೇಕಾದ ಲೆಡ್ಜರುಗಳು, ದುಡ್ಡು ತೆಗೆಯಲು ಬಂದವರಿಗೆ ಕೊಡುವ ಹಿತ್ತಾಳೆಯ ಟೋಕನ್ನು, ಮೇಜಿನ ಮೇಲೆ ಗುಂಡುಸೂಜಿಯ ಡಬ್ಬಿ. ಇದನ್ನೆಲ್ಲ ಬರೆದಿಡಬೇಕು, ಮುಂದಿನವರಿಗೆ ಗೊತ್ತಾಗಬೇಕು ಅನ್ನುವುದು ನನ್ನ ಆಸೆ.

ಆದರೆ ನಾನು ಪುಸ್ತಕ ಬರೆಯಲು ತಯಾರಾಗಿದ್ದೇನೆಯೇ? ಇದು ಹೇಗೆ ಗೊತ್ತಾಗುತ್ತದೆ?

ಮೊದಲು ವಯಸ್ಸಿನ ನೆಪ ಹೇಳಿಕೊಂಡೆ. ಅದು ನಿಲ್ಲಲಿಲ್ಲ. ಶಿವರಾಮ ಕಾರಂತರು ತೊಂಬತ್ತು ದಾಟಿದ ಮೇಲೂ ಹಕ್ಕಿಗಳ ಬಗ್ಗೆ ಪುಸ್ತಕ ಬರೆದವರು. ಅವರ ಮುಂದೆ ನಾನು ಹುಡುಗ. ಆಮೇಲೆ ಬೇಗ ಮುಗಿಯುವುದಿಲ್ಲವೆಂಬ ನೆಪ. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಬರೆದದ್ದು ಸುಮಾರು ಒಂಬತ್ತು ವರ್ಷ, ಅದೂ ಕಾಲೇಜಿನಲ್ಲಿ ಪಾಠ ಮಾಡಿಕೊಂಡು. ಅವರು ಸುತ್ತಾಡುತ್ತಿದ್ದ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಾನೂ ದಿನಾ ಬೆಳಿಗ್ಗೆ ನಡೆಯುತ್ತೇನೆ. ನಡೆಯುವುದರಿಂದ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ, ಅಷ್ಟೆ.

ಮೂರನೆಯ ನೆಪ ಅಂಜಿಕೆ. ಇಲ್ಲಿ ಮಕ್ಕಳಿಗೆ ಮುದ್ದಣನ ವಿಷಯ ಹೇಳಬೇಕು. ನಂದಳಿಕೆ ಎಂಬ ಊರಿನ ಲಕ್ಷ್ಮೀನಾರಣಪ್ಪ, ಶಾಲೆಯಲ್ಲಿ ಮಕ್ಕಳಿಗೆ ವ್ಯಾಯಾಮ ಹೇಳಿಕೊಡುತ್ತಿದ್ದ ಬಡ ಮೇಷ್ಟ್ರು. ಹಳಗನ್ನಡದಲ್ಲಿ ಸೊಗಸಾಗಿ ಬರೆಯುತ್ತಿದ್ದರು. ಆದರೆ ಡ್ರಿಲ್ ಮೇಷ್ಟ್ರು ಕಾವ್ಯ ಬರೆದರೆ ಯಾರು ನಂಬುತ್ತಾರೆ? ತಾವು ಬರೆದದ್ದನ್ನು ಯಾರೋ ಹಳೆಯ ಕವಿಯದ್ದು ಎಂಬಂತೆ ಮೈಸೂರಿನ ಪತ್ರಿಕೆಗೆ ಕಳಿಸಿದರು. ಅದು ಅಚ್ಚೂ ಆಯಿತು. 1901ರಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೊಂದೇ ವರ್ಷ. ಅವರ ‘ಶ್ರೀ ರಾಮಾಶ್ವಮೇಧಂ’ನಲ್ಲಿ ಮುದ್ದಣ ತನ್ನ ಹೆಂಡತಿ ಮನೋರಮೆಗೆ ಕಥೆ ಹೇಳುತ್ತಾನೆ. ಆಕೆ ಸುಮ್ಮನೆ ಕೇಳುವವಳಲ್ಲ. ನಡುನಡುವೆ ತಡೆಯುತ್ತಾಳೆ, ಕೆಣಕುತ್ತಾಳೆ, ಕೊಂಕು ತೆಗೆಯುತ್ತಾಳೆ.

ನನ್ನ ಮನೆಯ ಮನೋರಮೆ ಎಂಟನೆಯ ತರಗತಿಯಲ್ಲಿ ಓದುತ್ತಾಳೆ. ನನ್ನ ಮೊಮ್ಮಗಳು.

ದಸರಾ ರಜೆಯಲ್ಲಿ ನಾನು ಬರೆದಿದ್ದ ತೊಂಬತ್ತು ಚಿಲ್ಲರೆ ಪುಟಗಳನ್ನು ಅವಳ ಕೈಗೆ ಕೊಟ್ಟೆ. ಅಷ್ಟು ಹೊತ್ತಿಗೆ ಪ್ರೆಸ್ಸಿನ ಗೆಳೆಯನ ಹತ್ತಿರ ಮಾತಾಡಿಯೂ ಆಗಿತ್ತು. ಅವನು ಕೇಳುವುದು ಒಂದೇ, ‘ಎಷ್ಟು ಪುಟ ಆಗುತ್ತೆ?’ ಹದಿನಾರು ಪುಟಕ್ಕೆ ಒಂದು ಫಾರಂ, ಎಂಟು ಫಾರಂ ಆದರೆ ಕೈಯಲ್ಲಿ ಹಿಡಿಯಲು ಲಕ್ಷಣವಾಗಿರುತ್ತದೆ ಎಂದು ಅವನ ಲೆಕ್ಕ.

ಹುಡುಗಿ ಎರಡು ದಿನ ಓದಿದಳು. ಲೆಕ್ಕ ತಾಳೆ ನೋಡುವ ಅಧ್ಯಾಯ ಅವಳಿಗೆ ತುಂಬಾ ಹಿಡಿಸಿತು. ದಿನದ ಕೊನೆಗೆ ಜಮೆ, ಖರ್ಚು ಸರಿಹೋಗದಿದ್ದರೆ ನಾವು ಮನೆಗೆ ಹೋಗುವಂತಿರಲಿಲ್ಲ. ಆಗ ಹಳೆಯ ಹೆಡ್ ಕ್ಲರ್ಕ್ ಒಬ್ಬರು ಹೇಳಿಕೊಟ್ಟ ಉಪಾಯ: ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡು. ಶೇಷ ಉಳಿಯದಿದ್ದರೆ ಯಾರೋ ಅಂಕಿ ಹಿಂದುಮುಂದು ಬರೆದಿರಬಹುದು. 71 ಬರೆಯುವಲ್ಲಿ 17 ಬರೆದರೆ ವ್ಯತ್ಯಾಸ 54. 83ರ ಬದಲು 38 ಆದರೆ 45. ಯಾವ ಎರಡಂಕಿ ಸಂಖ್ಯೆಯನ್ನಾದರೂ ತಿರುಗಿಸಿ ಕಳೆಯಿರಿ, ಮಕ್ಕಳೇ, ಒಂಬತ್ತು ಒಳಗೆ ಕೂತಿರುತ್ತದೆ. ರಾತ್ರಿ ಒಂಬತ್ತಾದರೂ ನಾಲ್ಕಾಣೆಯ ವ್ಯತ್ಯಾಸಕ್ಕೆ ತಲೆ ಕೆರೆದುಕೊಂಡು ಕೂತಿದ್ದನ್ನು ನಾನು ಚೆನ್ನಾಗಿಯೇ ಬರೆದಿದ್ದೆ ಅನ್ನಿಸುತ್ತದೆ.

ಮೂರನೆಯ ದಿನ ಅವಳು ಒಂದು ಪುಟಕ್ಕೆ ಬೆರಳಿಟ್ಟುಕೊಂಡು ಬಂದಳು. ‘ಈ ಸೊಪ್ಪಿನಜ್ಜಿ ಆರುನೂರ ನಲವತ್ತು ರೂಪಾಯಿ ಕೂಡಿಟ್ಟಳು ಅಂತ ಬರ್ದಿದ್ದೀಯ. ಆಮೇಲೆ ಆ ದುಡ್ಡು ಏನಾಯ್ತು, ತಾತ?’

‘ಏನೋ ಆಯ್ತು. ತಗೊಂಡ್ಲು.’

‘ತಗೊಂಡು ಮೊಮ್ಮಗಳನ್ನ ಶಾಲೆಗೆ ಸೇರಿಸಿದ್ಲಾ? ಅದಕ್ಕೇ ಅಲ್ವಾ ಕೂಡಿಟ್ಟಿದ್ದು? ಅದನ್ನೂ ಬರಿ ಮತ್ತೆ.’

ಕಾಫಿ ಕುಡಿಯುವ ನೆಪದಲ್ಲಿ ಎದ್ದುಹೋದೆ.

ನಡೆದದ್ದು ಇಷ್ಟು. ಕೆಲಸಕ್ಕೆ ಸೇರಿ ನಾಲ್ಕೈದು ವರ್ಷವಾಗಿತ್ತು. ಅದೊಂದು ಸಣ್ಣ ಊರು, ಹೆಸರು ಬೇಡ. ವಾರಕ್ಕೊಮ್ಮೆ ಸಂತೆ. ಆಗ ಬ್ಯಾಂಕಿನ ವ್ಯವಹಾರ ಮಧ್ಯಾಹ್ನ ಎರಡಕ್ಕೆ ಮುಗಿಯುತ್ತಿತ್ತು. ಒಂದೂವರೆಯ ಸುಮಾರಿಗೆ ಆ ಅಜ್ಜಿ ಖಾಲಿ ಬುಟ್ಟಿ ಹೊರಗಿಟ್ಟು, ಹೆದರಿಕೊಂಡು ಒಳಗೆ ಬಂದು, ಸೆರಗಿನ ಗಂಟು ಬಿಚ್ಚುತ್ತಿದ್ದಳು. ಮೂರು ರೂಪಾಯಿ, ಐದು ರೂಪಾಯಿ, ಹಬ್ಬದ ವಾರ ಹತ್ತು. ನೋಟುಗಳಿಗೆ ಕೊತ್ತಂಬರಿ ಸೊಪ್ಪಿನ ವಾಸನೆ. ಹೆಬ್ಬೆಟ್ಟಿನ ಖಾತೆ. ‘ಈ ಪುಸ್ತಕ ನಿಮ್ಮತ್ರಾನೇ ಇರ್ಲಿ ಸಾಮಿ. ಮನೇಲಿ ಸಿಕ್ರೆ ದುಡ್ಡು ಉಳಿಯಾಕಿಲ್ಲ. ಯಾರಿಗೂ ಯೋಳ್ಬ್ಯಾಡಿ’ ಅಂದಿದ್ದಳು. ಗ್ರಾಹಕರ ಪಾಸ್‌ಪುಸ್ತಕ ನಾವು ಇಟ್ಟುಕೊಳ್ಳಬಾರದು. ಆದರೂ ಇಟ್ಟುಕೊಂಡೆ. ಮೊಮ್ಮಗಳನ್ನು ಪೇಟೆಯಲ್ಲಿ ಹೈಸ್ಕೂಲಿಗೆ ಸೇರಿಸಬೇಕು ಅನ್ನುವುದು ಅವಳ ಆಸೆ.

ಒಂದು ಸಂಜೆ ಹೋಟೆಲಿನಲ್ಲಿ ನಾಲ್ಕು ಜನ ಕೂತು ಹರಟುತ್ತಿದ್ದೆವು. ಯಾರೋ, ಈ ಊರಿನವರಿಗೆ ಉಳಿತಾಯ ಅಂದರೇನು ಗೊತ್ತಿದೆ ಅಂದರು. ನನಗೆ ಮಾತಿನ ಹುಮ್ಮಸ್ಸು. ‘ಯಾಕ್ರೀ, ಸೊಪ್ಪು ಮಾರೋ ಅಜ್ಜೀನ ನೋಡಿ ಕಲೀರಿ. ಆರುನೂರು ದಾಟಿಸಿದ್ದಾಳೆ’ ಅಂದೆ. ಹೊಗಳಿದೆ ಅಂದುಕೊಂಡಿದ್ದೆ.

ಮುಂದಿನ ಸಂತೆಯ ದಿನ ಅಜ್ಜಿ ಬಂದಳು. ಜೊತೆಯಲ್ಲಿ ಮಗ. ದುಡ್ಡು ತೆಗೆಯುವ ಚೀಟಿಯ ಮೇಲೆ ಹೆಬ್ಬೆಟ್ಟು ಒತ್ತಿದಳು. ನಾನೇ ಅವಳ ಬೆರಳಿಗೆ ಇಂಕು ಹಚ್ಚಿದೆ. ಟೋಕನ್ನು ಕೊಟ್ಟೆ. ಆರುನೂರ ನಲವತ್ತು ರೂಪಾಯಿಯನ್ನು ಮಗ ಎಣಿಸಿಕೊಂಡ. ಅಜ್ಜಿ ನನ್ನನ್ನು ಬೈಯಲಿಲ್ಲ, ನೋಡಲೂ ಇಲ್ಲ. ಆಮೇಲೆ ಅವಳು ಬ್ಯಾಂಕಿಗೆ ಬರಲೇ ಇಲ್ಲ. ಸಂತೆಯಲ್ಲಿ ಮಾತ್ರ ಕೂತಿರುತ್ತಿದ್ದಳು. ನಾನು ಬೇಕೆಂದೇ ಅವಳ ಹತ್ತಿರ ಸೊಪ್ಪು ಕೊಳ್ಳುತ್ತಿದ್ದೆ. ಕಟ್ಟು ಕೊಟ್ಟು, ಚಿಲ್ಲರೆ ಎಣಿಸಿ ಕೈಗಿಡುತ್ತಿದ್ದಳು. ಮಾತಿಲ್ಲ. ಮರುವರ್ಷ ನನಗೆ ವರ್ಗವಾಯಿತು.

ಕೆಲಸಕ್ಕೆ ಸೇರಿದ ದಿನವೇ ನಾವೆಲ್ಲ ಗೋಪ್ಯತೆಯ ಘೋಷಣೆಗೆ ಸಹಿ ಹಾಕಿರುತ್ತೇವೆ. ಗಿರಾಕಿಯ ಲೆಕ್ಕವನ್ನು ಹೊರಗೆ ಆಡುವುದಿಲ್ಲ ಎಂದು. ನನ್ನ ಬಿ.ಕಾಂ. ಬುದ್ಧಿಗೆ ಗುಟ್ಟು ಅಂದರೆ ದೊಡ್ಡ ದೊಡ್ಡ ಸಾಹುಕಾರರ ಗುಟ್ಟು.

ತೊಂಬತ್ತು ಪುಟಗಳಲ್ಲಿ ನಾನು ಇದನ್ನು ಬಿಟ್ಟಿದ್ದೆ. ಜಮೆ ಬರೆದು ಖರ್ಚು ಬರೆಯದೆ ಪುಟ ತಿರುಗಿಸಿದ್ದೆ. ಬ್ಯಾಂಕಿನಲ್ಲಿ ಯಾರಾದರೂ ಹಾಗೆ ಮಾಡಿದ್ದರೆ ರಾತ್ರಿಯಿಡೀ ಕೂರಿಸಿ ಹುಡುಕಿಸುತ್ತಿದ್ದರು. ಹುಡುಗಿ ಎರಡೇ ದಿನದಲ್ಲಿ ಹುಡುಕಿದಳು.

ಆ ವಾರ ಪ್ರೆಸ್ಸಿನವನಿಗೆ ಈ ವರ್ಷ ಪುಸ್ತಕ ಇಲ್ಲ ಎಂದು ಹೇಳಿಬಿಟ್ಟೆ. ಮೊದಲು ಆ ಪುಟ ಬರೆಯಲು ನನ್ನಿಂದ ಆಗುತ್ತದೆಯೋ ನೋಡಬೇಕಿತ್ತು. ನನ್ನಂಥ ವಯಸ್ಸಿನವರು ಬರೆಯಲು ಕೂತಾಗ ಒಮ್ಮೆ ಇದನ್ನು ಮಾಡಿ ನೋಡಿ: ಯಾವ ಪುಟ ಬಂದಾಗ ಕಾಫಿ ಕುಡಿಯಬೇಕು ಅನ್ನಿಸುತ್ತದೆ ಎಂದು ಗುರುತು ಹಾಕಿಕೊಳ್ಳಿ. ನನಗಂತೂ ಅಂಥ ಪುಟ ಒಂದಲ್ಲ, ಇನ್ನೂ ಎರಡಿವೆ.

ಬರೆದೆ. ಮೊದಲ ಸಲ ಎಲ್ಲ ತಪ್ಪೂ ಮಗನದ್ದು ಎಂಬಂತೆ ಬಂತು. ಕುಡುಕ ಎಂದು ಬೇರೆ ಸೇರಿಸಿದ್ದೆ. ಅವನು ಕುಡಿಯುತ್ತಿದ್ದನೋ ಇಲ್ಲವೋ ನನಗೆ ಗೊತ್ತೇ ಇಲ್ಲ. ಹರಿದೆ. ಎರಡನೆಯ ಸಲ ಬರೀ ನನ್ನ ಗೋಳು, ನನ್ನ ಪಶ್ಚಾತ್ತಾಪ. ಅಜ್ಜಿ ಎಲ್ಲೋ ಮರೆಯಾಗಿದ್ದಳು. ಅದೂ ಬೇಡವೆನಿಸಿತು. ಮೂರನೆಯದರಲ್ಲಿ ನಡೆದದ್ದನ್ನು ನಡೆದ ಹಾಗೆ, ರೋಜು ಪುಸ್ತಕದಲ್ಲಿ ಬರೆದಂತೆ ಬರೆದೆ. ಒಂದೂವರೆ ಪುಟ ಆಯಿತು.

ಇನ್ನೊಂದು ಅಳುಕು ಉಳಿದಿತ್ತು. ಒಮ್ಮೆ ಬಾಯಿಬಿಟ್ಟು ಕೆಡಿಸಿದವನು ಈಗ ಪುಸ್ತಕದಲ್ಲಿ ಅಚ್ಚು ಹಾಕಿಸಿ ಮತ್ತೆ ಬಾಯಿಬಿಡುತ್ತಿದ್ದೇನೆಯೇ? ಅಜ್ಜಿ ಈಗ ಇರಲಾರಳು. ಆ ಮೊಮ್ಮಗಳು ಎಲ್ಲಾದರೂ ಇದ್ದಾಳು. ಅವಳಿಗೂ ಅರವತ್ತರ ಹತ್ತಿರ ಇರಬೇಕು. ಊರು, ಸಂತೆಯ ವಾರ, ಗುರುತು ಹತ್ತುವಂಥದ್ದು ಏನೂ ಇಲ್ಲದಂತೆ ನೋಡಿಕೊಂಡೆ. ಮುದ್ದಣ ತನ್ನ ಹೆಸರನ್ನು ಮುಚ್ಚಿಟ್ಟರು. ನಾನು ಅವರದ್ದನ್ನು ಮುಚ್ಚಿ ನನ್ನದನ್ನು ಬಿಟ್ಟಿದ್ದೇನೆ.

ಹುಡುಗಿಗೆ ಓದಲು ಕೊಟ್ಟೆ. ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದಳು.

‘ಆ ಹುಡುಗಿ ಹೈಸ್ಕೂಲಿಗೆ ಹೋದ್ಲಾ, ತಾತ?’

‘ಗೊತ್ತಿಲ್ಲ ಪುಟ್ಟಿ. ಕೇಳೋ ಧೈರ್ಯ ಬರಲಿಲ್ಲ.’

‘ಹಂಗೇ ಬರಿ.’

ಅದನ್ನೂ ಸೇರಿಸಿದೆ. ಮೊನ್ನೆ ಪ್ರೆಸ್ಸಿನ ಗೆಳೆಯ ಮತ್ತೆ ಫೋನು ಮಾಡಿದ್ದ. ಎಷ್ಟು ಪುಟ ಆಯಿತು ಎಂದು ಕೇಳಿದ. ಒಂದೂವರೆ ಆಗಿದೆ, ಉಳಿದ ತೊಂಬತ್ತನ್ನು ಇನ್ನೊಮ್ಮೆ ತಾಳೆ ನೋಡಬೇಕು ಅಂದೆ.