ಚಿಪ್ಪಿನ ಸುಣ್ಣ ಕಲಿಸುವ ಪಾಠ

ಕುಂದಾಪುರವನ್ನು ಬಳಸಿ ಹರಿಯುವ ಪಂಚಗಂಗಾವಳಿಯ ನೀರು ಗಂಗೊಳ್ಳಿಯ ಅಳಿವೆಯಲ್ಲಿ ಕಡಲನ್ನು ಕೂಡುತ್ತದೆ. ಇಂತಹ ಅಳಿವೆಗಳಲ್ಲಿ ದೊರೆಯುವ ಚಿಪ್ಪುಗಳನ್ನು ಸುಟ್ಟು ಸುಣ್ಣ ಮಾಡುವುದು ನಮ್ಮ ಕರಾವಳಿಯ ಹಳೆಯ ಕಸಬುಗಳಲ್ಲಿ ಒಂದು. ಚಿಪ್ಪು ಬೇಯುವವರೆಗೆ ಗೂಡಿನ ಬೆಂಕಿ ಆರದಂತೆ ನೋಡಿಕೊಳ್ಳಬೇಕು. ಆದರೆ ಬೆಂದ ಚಿಪ್ಪಿನ ಮೇಲೆ ನೀರೆರೆದರೆ, ಕೆಳಗೆ ಬೆಂಕಿಯಿಲ್ಲದಿದ್ದರೂ ಅದು ಬುಸುಗುಟ್ಟಿ, ಹಬೆಯೆಬ್ಬಿಸಿ, ಕೈಯಿಡಲಾಗದಷ್ಟು ಕಾಯುತ್ತದೆ. ಮೊದಲು ಶಾಖವನ್ನು ಬೇಡಿದ ವಸ್ತುವೇ ಆಮೇಲೆ ಶಾಖವನ್ನು ಕೊಡುವುದೇಕೆ? ಈ ಪ್ರಶ್ನೆಗೆ ಉತ್ತರ ಹೇಳಬಲ್ಲವನಿಗೆ ರಾಸಾಯನಿಕ ಬಂಧದ ತಿರುಳು ತಿಳಿದಂತೆಯೇ ಸರಿ.

ಪರಮಾಣುಗಳು ಒಂದನ್ನೊಂದು ಏಕೆ ಕೂಡುತ್ತವೆ ಎಂದು ಪ್ರೌಢಶಾಲೆಯ ವಿದ್ಯಾರ್ಥಿಯನ್ನು ಕೇಳಿದರೆ, “ಹೊರಕವಚದಲ್ಲಿ ಎಂಟು ಇಲೆಕ್ಟ್ರಾನುಗಳಿರಬೇಕೆಂದು ಅವು ಬಯಸುತ್ತವೆ” ಎಂಬ ಉತ್ತರ ಬರುವುದುಂಟು. ಎಂಟರ ನಿಯಮವು ಸೂತ್ರಗಳನ್ನು ಬರೆಯಲು ಒಳ್ಳೆಯ ಊರುಗೋಲು; ಆದರೆ ಅದು ಕಾರಣವಲ್ಲ. ಪರಮಾಣುವಿಗೆ ಬಯಕೆಯೆಂಬುದಿಲ್ಲ. ನೈಟ್ರಿಕ್ ಆಕ್ಸೈಡ್ ಅಣುವಿನಲ್ಲಿರುವುದು ೧೫ ಇಲೆಕ್ಟ್ರಾನುಗಳು. ಅಲ್ಲಿ ಇಬ್ಬರಿಗೂ ಎಂಟೆಂಟನ್ನು ಹಂಚುವುದು ಸಾಧ್ಯವೇ ಇಲ್ಲ. ಹಾಗಿದ್ದರೂ ಆ ಅಣು ಇದೆಯಷ್ಟೆ! ಆದುದರಿಂದ ನಿಜವಾದ ಕಾರಣವನ್ನು ನಾವು ಬೇರೆ ಕಡೆ ಹುಡುಕಬೇಕು. ಅದಕ್ಕೆ ಮನೆಯ ಎರಡು ಪದಾರ್ಥಗಳೇ ಸಾಕು.

ಮೊದಲನೆಯದು ಉಪ್ಪು. ಬೈಂದೂರಿನ ಕಡೆಗೆ ಹೋಗುವ ಹೆದ್ದಾರಿಯು ಮರವಂತೆಯಲ್ಲಿ ಕಡಲಿಗೂ ಸೌಪರ್ಣಿಕಾ ಹೊಳೆಗೂ ನಡುವೆ ಸಾಗುತ್ತದೆ. ಅಲ್ಲಿಯ ಕಡಲ ನೀರಿನಂತೆ ಸಾಗರದ ಒಂದು ಕಿಲೋಗ್ರಾಂ ನೀರಿನಲ್ಲಿ ಸುಮಾರು ೩೫ ಗ್ರಾಂ ಲವಣಗಳಿರುತ್ತವೆ. ಎರಡನೆಯದು ಸಕ್ಕರೆ. ಬ್ರಹ್ಮಾವರದ ಸಹಕಾರಿ ಕಾರ್ಖಾನೆ ಒಂದು ಕಾಲದಲ್ಲಿ ಸುತ್ತಲಿನ ಕಬ್ಬನ್ನು ಅರೆದು ಸಕ್ಕರೆ ಮಾಡುತ್ತಿತ್ತು; ಈಗ ಅದು ನಿಂತಿದೆ. ಉಪ್ಪು, ಸಕ್ಕರೆ ಎರಡೂ ಬಿಳಿಯ ಹರಳುಗಳು. ಎರಡೂ ನೀರಿನಲ್ಲಿ ಕರಗುತ್ತವೆ. ಆದರೆ ಟಾರ್ಚಿನ ಶುಷ್ಕಕೋಶಗಳು, ಎರಡು ತಂತಿಗಳು ಮತ್ತು ಒಂದು ಸಣ್ಣ ಎಲ್‌ಇಡಿ ದೀಪವನ್ನು ಜೋಡಿಸಿ ಪರೀಕ್ಷಿಸಿರಿ. ಒಣ ಉಪ್ಪಿನಲ್ಲಿ ದೀಪ ಉರಿಯದು, ಉಪ್ಪುನೀರಿನಲ್ಲಿ ಉರಿಯುತ್ತದೆ, ಸಕ್ಕರೆ ನೀರಿನಲ್ಲಿ ಉರಿಯುವುದೇ ಇಲ್ಲ. (ಮನೆಯ ವಿದ್ಯುತ್ ಸರಬರಾಜನ್ನು ಈ ಪ್ರಯೋಗಕ್ಕೆ ಎಂದಿಗೂ ಬಳಸಕೂಡದು.) ಒಲೆಯ ಮೇಲಿಟ್ಟರೆ ಸಕ್ಕರೆ ೧೮೬ ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿಯೇ ಕರಗಿ ಕಂದುಬಣ್ಣಕ್ಕೆ ತಿರುಗುತ್ತದೆ, ಉಪ್ಪು ಕರಗಲು ೮೦೧ ಡಿಗ್ರಿ ಬೇಕು.

ಈ ಭೇದಕ್ಕೆ ಕಾರಣವನ್ನು ೧೯೧೬ರಲ್ಲಿ ಇಬ್ಬರು ವಿಜ್ಞಾನಿಗಳು ಬೇರೆ ಬೇರೆಯಾಗಿ ಸೂಚಿಸಿದರು. ಜರ್ಮನಿಯ ವಾಲ್ಟರ್ ಕೊಸೆಲ್ ಇಲೆಕ್ಟ್ರಾನಿನ ವರ್ಗಾವಣೆಯನ್ನು ವಿವರಿಸಿದನು; ಅಮೆರಿಕದ ಗಿಲ್ಬರ್ಟ್ ಲೂಯಿಸ್, ಎರಡು ಪರಮಾಣುಗಳು ಒಂದು ಜೊತೆ ಇಲೆಕ್ಟ್ರಾನುಗಳನ್ನು ಹಂಚಿಕೊಳ್ಳಬಲ್ಲವೆಂದು ತೋರಿಸಿದನು. ಸಕ್ಕರೆಯ ಅಣುವಿನಲ್ಲಿ ೪೫ ಪರಮಾಣುಗಳು ಹೀಗೆ ಹಂಚಿಕೆಯಿಂದಲೇ ಬೆಸೆದುಕೊಂಡಿವೆ. ನೀರಿನಲ್ಲಿ ಕರಗುವಾಗ ಅಣುಗಳು ಒಂದರಿಂದೊಂದು ದೂರವಾಗುತ್ತವೆಯೇ ಹೊರತು ಒಡೆಯುವುದಿಲ್ಲ. ವಿದ್ಯುತ್ತನ್ನು ಹೊರುವ ಅಯಾನುಗಳು ಅಲ್ಲಿ ಹುಟ್ಟುವುದಿಲ್ಲ.

ಉಪ್ಪಿನಲ್ಲಾದರೋ ಅಣುವೆಂಬುದೇ ಇಲ್ಲ. ಪ್ರತಿಯೊಂದು ಸೋಡಿಯಂ ಅಯಾನನ್ನು ಆರು ಕ್ಲೋರೈಡ್ ಅಯಾನುಗಳೂ, ಪ್ರತಿಯೊಂದು ಕ್ಲೋರೈಡನ್ನು ಆರು ಸೋಡಿಯಂ ಅಯಾನುಗಳೂ ಸುತ್ತುವರಿದಿರುತ್ತವೆ. ಹರಳಿನಲ್ಲಿ ಅವು ತಮ್ಮ ನೆಲೆಗಳಿಗೆ ಕಟ್ಟುಬಿದ್ದಿವೆ. ನೀರಿನಲ್ಲಿ ಬಿಡುಗಡೆ ಹೊಂದಿ ವಿದ್ಯುತ್ತನ್ನು ಒಯ್ಯುತ್ತವೆ.

ಸೋಡಿಯಂ ತನ್ನ ಇಲೆಕ್ಟ್ರಾನನ್ನು ಸಂತೋಷದಿಂದ ಬಿಟ್ಟುಕೊಡುತ್ತದೆಯೆ? ಲೆಕ್ಕ ಹಾಕೋಣ. ಬಿಡಿ ಪರಮಾಣುಗಳಾಗಿರುವ ಒಂದು ಮೋಲ್, ಅಂದರೆ ೨೩ ಗ್ರಾಂ, ಸೋಡಿಯಮ್ಮಿನಿಂದ ತಲಾ ಒಂದು ಇಲೆಕ್ಟ್ರಾನನ್ನು ಕೀಳಲು ೪೯೬ ಕಿಲೋಜೌಲ್ ಶಕ್ತಿಯನ್ನು ನಾವೇ ಕೊಡಬೇಕು. ಕ್ಲೋರಿನ್ ಪರಮಾಣುಗಳು ಅವನ್ನು ಸ್ವೀಕರಿಸಿದಾಗ ಮರಳಿ ಬರುವುದು ೩೪೯ ಮಾತ್ರ. ಇಲ್ಲಿಯವರೆಗೆ ೧೪೭ ಕಿಲೋಜೌಲ್ ನಷ್ಟವೇ! ಆದರೆ ವಿರುದ್ಧ ಆವೇಶದ ಆ ಅಯಾನುಗಳು ಸೆಳೆತದಿಂದ ಹತ್ತಿರ ಬಂದು ಹರಳಾದಾಗ ಸುಮಾರು ೭೮೭ ಕಿಲೋಜೌಲ್ ಹೊರಬೀಳುತ್ತದೆ. ನಷ್ಟವೆಲ್ಲ ತುಂಬಿ ಲಾಭವುಳಿಯುತ್ತದೆ. ಎಂಟರ ಬಯಕೆಯಿಂದಲ್ಲ, ಒಟ್ಟು ಶಕ್ತಿಯ ಇಳಿಕೆಯಿಂದ ಬಂಧ ನಿಲ್ಲುತ್ತದೆ. ಹಂಚಿಕೆಯ ಬಂಧಕ್ಕೂ ಇದೇ ನಿಯಮ: ಎರಡು ಹೈಡ್ರೊಜನ್ ಪರಮಾಣುಗಳು ಕೂಡಿದಾಗ ಮೋಲಿಗೆ ೪೩೬ ಕಿಲೋಜೌಲ್ ಹೊರಬರುತ್ತದೆ, ಬೇರ್ಪಡಿಸಬೇಕಾದರೆ ಅಷ್ಟನ್ನೇ ತೆರಬೇಕು.

ಈಗ ಸುಣ್ಣದ ಗೂಡಿಗೆ ಮರಳೋಣ. ಚಿಪ್ಪು ಬಹುಮಟ್ಟಿಗೆ ಕ್ಯಾಲ್ಸಿಯಂ ಕಾರ್ಬೊನೇಟ್. ಅದರಲ್ಲಿ ಕ್ಯಾಲ್ಸಿಯಂ ಅಯಾನುಗಳಿಗೂ ಕಾರ್ಬೊನೇಟ್ ಅಯಾನುಗಳಿಗೂ ನಡುವೆ ಉಪ್ಪಿನಲ್ಲಿರುವಂತಹ ಸೆಳೆತ. ಕಾರ್ಬೊನೇಟಿನೊಳಗೆ ಇಂಗಾಲಕ್ಕೂ ಮೂರು ಆಮ್ಲಜನಕಗಳಿಗೂ ನಡುವೆ ಸಕ್ಕರೆಯಲ್ಲಿರುವಂತಹ ಹಂಚಿಕೆ. ಎರಡು ಬಗೆಯ ಬಂಧಗಳೂ ಒಂದೇ ಚಿಪ್ಪಿನಲ್ಲಿವೆ! ಸುಮಾರು ೯೦೦ ಡಿಗ್ರಿಯಲ್ಲಿ ೧೦೦ ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಒಡೆದು ೫೬ ಗ್ರಾಂ ಸುಟ್ಟ ಸುಣ್ಣವೂ ೪೪ ಗ್ರಾಂ ಇಂಗಾಲದ ಡೈಆಕ್ಸೈಡೂ ಆಗುತ್ತವೆ. ಇಲ್ಲಿ ಹಳೆಯ ಬಂಧಗಳನ್ನು ಬಿಡಿಸಲು ತೆತ್ತ ಶಕ್ತಿ, ಹೊಸವು ಕೊಡುವುದಕ್ಕಿಂತ ಸುಮಾರು ೧೭೮ ಕಿಲೋಜೌಲ್ ಹೆಚ್ಚು. ಆ ಕೊರತೆಯನ್ನು ತುಂಬುವುದೇ ಗೂಡಿನ ಬೆಂಕಿ. ನೀರೆರೆದಾಗಲೂ ಹಳೆಯ ಬಂಧಗಳು ಬಿಡಿಸಿಕೊಳ್ಳುತ್ತವೆ. ಆದರೆ ಹೊಸದಾಗಿ ಕಟ್ಟಿಕೊಂಡವು ಅದಕ್ಕಿಂತ ಸುಮಾರು ೬೫ ಕಿಲೋಜೌಲ್ ಹೆಚ್ಚಾಗಿಯೇ ಕೊಡುತ್ತವೆ. ಹಬೆಯೇಳುವುದು ಅದರಿಂದ.

“ಬಂಧ ಒಡೆದಾಗ ಶಕ್ತಿ ಹೊರಬರುತ್ತದೆ” ಎಂದು ಕಾಲೇಜಿನ ವಿದ್ಯಾರ್ಥಿಗಳೂ ಬರೆಯುವುದುಂಟು. ಇದು ತಲೆಕೆಳಗಾದ ಮಾತು. ಒಡೆಯಲು ಶಕ್ತಿಯನ್ನು ತೆರಬೇಕು. ಕಟ್ಟಿದಾಗ ಶಕ್ತಿ ದೊರೆಯುತ್ತದೆ. ಒಲೆಯ ಕಟ್ಟಿಗೆಯೂ ಬಂಧಗಳು ಮುರಿದುದರಿಂದ ಬಿಸಿ ಕೊಡುವುದಲ್ಲ. ಇಂಗಾಲವೂ ಹೈಡ್ರೊಜನ್ನೂ ಆಮ್ಲಜನಕದೊಡನೆ ಹೆಚ್ಚು ಬಲವಾದ ಹೊಸ ಬಂಧಗಳನ್ನು ಕಟ್ಟಿಕೊಳ್ಳುವುದರಿಂದ. ಈ ಒಂದು ತಪ್ಪು ತಿದ್ದದೆ ಉಳಿದರೆ, ಮುಂದೆ ಇಂಧನಗಳ ವಿಚಾರವೂ ದೇಹದಲ್ಲಿ ಆಹಾರ ಶಕ್ತಿಯಾಗುವ ಬಗೆಯೂ ತಪ್ಪಾಗಿಯೇ ತಿಳಿಯುತ್ತವೆ.

ಆದುದರಿಂದ ಬಂಧದ ಪಾಠವು ಕರಿಹಲಗೆಯ ಚುಕ್ಕೆಗಳಿಂದ ಮೊದಲಾಗದೆ ವಸ್ತುಗಳಿಂದ ಮೊದಲಾಗುವುದು ಮೇಲು. ವಿದ್ಯಾರ್ಥಿಯು ಮೊದಲು ಉಪ್ಪನ್ನೂ ಸಕ್ಕರೆಯನ್ನೂ ತಾನೇ ಪರೀಕ್ಷಿಸಲಿ. ಭೇದವನ್ನು ಕಂಡು ಕಾರಣವನ್ನು ಕೇಳಲಿ. ಚುಕ್ಕೆಗಳ ಚಿತ್ರ ಆ ಪ್ರಶ್ನೆಗೆ ಉತ್ತರವಾಗಿ ಬರಲಿ. ಸುಟ್ಟ ಸುಣ್ಣಕ್ಕೆ ನೀರೆರೆಯುವುದನ್ನು ಮಾತ್ರ ಉಪಾಧ್ಯಾಯರೇ ಕಣ್ಣಿಗೆ ರಕ್ಷಾ ಕನ್ನಡಕ ಧರಿಸಿ ಚಿಟಿಕೆಯಷ್ಟರಲ್ಲಿ ತೋರಿಸಲಿ. ಸಿಡಿದ ಸುಣ್ಣ ಕಣ್ಣನ್ನೇ ಕೆಡಿಸಬಲ್ಲದು. ಆ ಪ್ರನಾಳ ಬಿಸಿಯಾಗುವುದನ್ನು ಕಂಡ ವಿದ್ಯಾರ್ಥಿ, ಬಂಧ ಕಟ್ಟಿದಾಗ ಶಕ್ತಿ ಬರುತ್ತದೋ ಒಡೆದಾಗಲೋ ಎಂಬುದನ್ನು ಮತ್ತೆ ಮರೆಯಲಾರನು.