ಅಂಗವಿಕಲರ ಚಳಿಗಾಲದ ಕ್ರೀಡೆಗಳಲ್ಲಿ ಭಾರತ

ಅಂಗವಿಕಲರಿಗಾಗಿ ನಡೆಯುವ ಅಂತರರಾಷ್ಟ್ರೀಯ ಚಳಿಗಾಲದ ಕ್ರೀಡಾಕೂಟಗಳಲ್ಲಿ ಭಾರತದ ಇತಿಹಾಸ ಎರಡು ಭಿನ್ನ ದಾರಿಗಳಲ್ಲಿ ಸಾಗಿದೆ. ದೈಹಿಕ ವೈಕಲ್ಯ ಹಾಗೂ ದೃಷ್ಟಿದೋಷವುಳ್ಳವರು ಸ್ಪರ್ಧಿಸುವ ಚಳಿಗಾಲದ ಪ್ಯಾರಾಲಿಂಪಿಕ್ಸ್‌ನಲ್ಲಿ 2022ರ ಬೀಜಿಂಗ್ ಕೂಟದವರೆಗೂ ಭಾರತ ಒಮ್ಮೆಯೂ ಭಾಗವಹಿಸಿರಲಿಲ್ಲ. ಆದರೆ ಬೌದ್ಧಿಕ ವೈಕಲ್ಯವುಳ್ಳವರಿಗಾಗಿ ನಡೆಯುವ ಚಳಿಗಾಲದ ವಿಶೇಷ ಒಲಿಂಪಿಕ್ಸ್‌ನಲ್ಲಿ ಭಾರತದ ತಂಡ 2017ರಲ್ಲಿ 73, 2025ರಲ್ಲಿ 33 ಪದಕಗಳನ್ನು ಗಳಿಸಿತು. ಭಾರತದ ಪ್ಯಾರಾಲಿಂಪಿಕ್ ಸಮಿತಿಯ ಹುಟ್ಟೂರು ಬೆಂಗಳೂರು ಆಗಿರುವುದರಿಂದ ಈ ವಿಷಯಕ್ಕೆ ಕರ್ನಾಟಕದ ನಂಟೂ ಇದೆ.

ಮೂರು ಕ್ರೀಡಾಕೂಟಗಳು

ಅಂಗವಿಕಲರ ಚಳಿಗಾಲದ ಕ್ರೀಡೆಗಳಿಗೆ ಜಾಗತಿಕ ಮಟ್ಟದಲ್ಲಿ ಮೂರು ಪ್ರಮುಖ ವೇದಿಕೆಗಳಿವೆ. ಇವುಗಳನ್ನು ಒಂದೇ ಎಂದು ಭಾವಿಸುವುದು ಸಾಮಾನ್ಯವಾದ ತಪ್ಪು.

ಮೊದಲನೆಯದು ಶ್ರವಣದೋಷವುಳ್ಳವರ ಚಳಿಗಾಲದ ಡೆಫ್ಲಿಂಪಿಕ್ಸ್. ಇದು 1949ರಲ್ಲಿ ಆಸ್ಟ್ರಿಯಾದ ಸೀಫೆಲ್ಡ್‌ನಲ್ಲಿ ಆರಂಭವಾಯಿತು. ಎರಡನೆಯದು ಚಳಿಗಾಲದ ಪ್ಯಾರಾಲಿಂಪಿಕ್ಸ್. ಇದರ ಮೊದಲ ಕೂಟ 1976ರಲ್ಲಿ ಸ್ವೀಡನ್ನಿನ ಅರ್ನ್‌ಷೋಲ್ಡ್ಸ್‌ವಿಕ್ ಪಟ್ಟಣದಲ್ಲಿ 16 ರಾಷ್ಟ್ರಗಳ ಭಾಗವಹಿಸುವಿಕೆಯೊಂದಿಗೆ ನಡೆಯಿತು. ಮೂರನೆಯದು ಚಳಿಗಾಲದ ವಿಶೇಷ ಒಲಿಂಪಿಕ್ಸ್. ಯೂನಿಸ್ ಕೆನಡಿ ಶ್ರೈವರ್ ಅವರು 1968ರಲ್ಲಿ ಸ್ಥಾಪಿಸಿದ ವಿಶೇಷ ಒಲಿಂಪಿಕ್ಸ್ ಸಂಸ್ಥೆಯು 1977ರಲ್ಲಿ ಅಮೆರಿಕದ ಕೊಲರಾಡೊ ರಾಜ್ಯದ ಸ್ಟೀಮ್‌ಬೋಟ್ ಸ್ಪ್ರಿಂಗ್ಸ್‌ನಲ್ಲಿ ತನ್ನ ಮೊದಲ ಚಳಿಗಾಲದ ಕೂಟವನ್ನು ಏರ್ಪಡಿಸಿತು.

ಚಳಿಗಾಲದ ಪ್ಯಾರಾಲಿಂಪಿಕ್ಸ್‌ನ ಸ್ವರೂಪ

ಚಳಿಗಾಲದ ಪ್ಯಾರಾಲಿಂಪಿಕ್ಸ್‌ನಲ್ಲಿ ಆರು ಕ್ರೀಡೆಗಳಿವೆ. ಅವು ಆಲ್ಪೈನ್ ಸ್ಕೀಯಿಂಗ್, ಕ್ರಾಸ್‌ಕಂಟ್ರಿ ಸ್ಕೀಯಿಂಗ್, ಬಯಾಥ್ಲಾನ್, ಸ್ನೋಬೋರ್ಡಿಂಗ್, ಪ್ಯಾರಾ ಐಸ್ ಹಾಕಿ ಮತ್ತು ಗಾಲಿಕುರ್ಚಿ ಕರ್ಲಿಂಗ್. ಮೊದಲ ಕೂಟದಲ್ಲಿದ್ದುದು ಆಲ್ಪೈನ್ ಮತ್ತು ಕ್ರಾಸ್‌ಕಂಟ್ರಿ ಸ್ಕೀಯಿಂಗ್ ಮಾತ್ರ. ಉಳಿದವು ಕಾಲಕ್ರಮದಲ್ಲಿ ಸೇರಿದವು.

ಸ್ಕೀಯಿಂಗ್ ಸ್ಪರ್ಧಿಗಳನ್ನು ನಿಂತು ಸ್ಪರ್ಧಿಸುವವರು, ಕುಳಿತು ಸ್ಪರ್ಧಿಸುವವರು ಮತ್ತು ದೃಷ್ಟಿದೋಷವುಳ್ಳವರು ಎಂದು ಮೂರು ವಿಭಾಗಗಳಾಗಿ ವಿಂಗಡಿಸಲಾಗುತ್ತದೆ. ಕಾಲುಗಳ ಬಲವಿಲ್ಲದವರು ಸ್ಕೀ ಪಟ್ಟಿಯ ಮೇಲೆ ಅಳವಡಿಸಿದ ಆಸನದಲ್ಲಿ ಕುಳಿತು ಜಾರುತ್ತಾರೆ. ದೃಷ್ಟಿದೋಷವುಳ್ಳವರ ಮುಂದೆ ಮಾರ್ಗದರ್ಶಕರೊಬ್ಬರು ಸಾಗುತ್ತ ತಿರುವುಗಳನ್ನು ಧ್ವನಿಯ ಮೂಲಕ ತಿಳಿಸುತ್ತಾರೆ. ಪದಕ ಬಂದಾಗ ಮಾರ್ಗದರ್ಶಕರಿಗೂ ಪದಕ ದೊರೆಯುತ್ತದೆ. ಬಯಾಥ್ಲಾನ್‌ನಲ್ಲಿ ಕಣ್ಣು ಕಾಣದ ಸ್ಪರ್ಧಿಗಳು ಧ್ವನಿಸಂಕೇತವನ್ನು ಆಲಿಸಿ ಗುರಿ ಹಿಡಿಯುತ್ತಾರೆ.

ಒಂದೇ ವಿಭಾಗದಲ್ಲಿ ಬೇರೆ ಬೇರೆ ಪ್ರಮಾಣದ ವೈಕಲ್ಯವುಳ್ಳವರು ಇರುವುದರಿಂದ ಸ್ಪರ್ಧಿಯ ನಿಜವಾದ ಸಮಯವನ್ನು ನಿಗದಿತ ಗುಣಾಂಕದಿಂದ ಗುಣಿಸಲಾಗುತ್ತದೆ. ಉದಾಹರಣೆಗೆ, ಗುಣಾಂಕ 0.90 ಇರುವ ಸ್ಪರ್ಧಿ 100 ಸೆಕೆಂಡುಗಳಲ್ಲಿ ಗುರಿ ಮುಟ್ಟಿದರೆ ಫಲಿತಾಂಶದಲ್ಲಿ ಅದನ್ನು 90 ಸೆಕೆಂಡು ಎಂದು ಪರಿಗಣಿಸಲಾಗುತ್ತದೆ.

ಪ್ಯಾರಾಲಿಂಪಿಕ್ ಚಳವಳಿ ಮತ್ತು ಬೆಂಗಳೂರು

ಭಾರತ ಬೇಸಿಗೆಯ ಪ್ಯಾರಾಲಿಂಪಿಕ್ಸ್‌ಗೆ ಕಾಲಿಟ್ಟಿದ್ದು 1968ರ ಟೆಲ್ ಅವೀವ್ ಕೂಟದಲ್ಲಿ. 1972ರ ಹೈಡೆಲ್‌ಬರ್ಗ್ ಕೂಟದಲ್ಲಿ ಮುರಳಿಕಾಂತ ಪೇಟ್ಕರ್ ಈಜಿನಲ್ಲಿ ದೇಶಕ್ಕೆ ಮೊದಲ ಚಿನ್ನ ತಂದರು. 1992ರಲ್ಲಿ ಬೆಂಗಳೂರಿನಲ್ಲಿ 'ಫಿಸಿಕಲಿ ಹ್ಯಾಂಡಿಕ್ಯಾಪ್ಡ್ ಸ್ಪೋರ್ಟ್ಸ್ ಫೆಡರೇಶನ್ ಆಫ್ ಇಂಡಿಯಾ' ಸ್ಥಾಪನೆಯಾಯಿತು. ಎಂ. ಮಹದೇವ ಅದರ ಸ್ಥಾಪಕ ಕಾರ್ಯದರ್ಶಿಯಾಗಿದ್ದರು. ಈ ಸಂಸ್ಥೆಯೇ ಮುಂದೆ ಭಾರತದ ಪ್ಯಾರಾಲಿಂಪಿಕ್ ಸಮಿತಿ ಎಂಬ ಹೆಸರು ಪಡೆಯಿತು.

ಕರ್ನಾಟಕದ ಕ್ರೀಡಾಪಟುಗಳು ಬೇಸಿಗೆಯ ಕೂಟಗಳಲ್ಲಿ ಗಣನೀಯ ಸಾಧನೆ ಮಾಡಿದ್ದಾರೆ. ಬೆಂಗಳೂರಿನ ಮಾಲತಿ ಹೊಳ್ಳ 1988ರ ಸಿಯೋಲ್ ಪ್ಯಾರಾಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದರು. ಅವರಿಗೆ ಅರ್ಜುನ ಪ್ರಶಸ್ತಿ ಹಾಗೂ ಪದ್ಮಶ್ರೀ ಸಂದಿವೆ. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ 2012ರ ಲಂಡನ್ ಕೂಟದ ಎತ್ತರ ಜಿಗಿತದಲ್ಲಿ 1.74 ಮೀಟರ್ ಜಿಗಿದು ಬೆಳ್ಳಿ ಗೆದ್ದರು. ಬೆಂಗಳೂರಿನ ಈಜುಪಟು ಶರತ್ ಗಾಯಕ್‌ವಾಡ್ 2014ರ ಇಂಚನ್ ಏಷ್ಯನ್ ಪ್ಯಾರಾ ಕ್ರೀಡಾಕೂಟವೊಂದರಲ್ಲೇ 6 ಪದಕಗಳನ್ನು ಗಳಿಸಿದರು. ಬೆಂಗಳೂರಿನವರೇ ಆದ ನಿರಂಜನ್ ಮುಕುಂದನ್ 2020ರ ಟೋಕಿಯೊ ಕೂಟದ ಈಜಿನಲ್ಲಿ ಭಾರತವನ್ನು ಪ್ರತಿನಿಧಿಸಿದರು. ಹಾಸನದಲ್ಲಿ ಜನಿಸಿದ ಸುಹಾಸ್ ಯತಿರಾಜ್ ಟೋಕಿಯೊ ಮತ್ತು ಪ್ಯಾರಿಸ್ ಎರಡೂ ಕೂಟಗಳ ಬ್ಯಾಡ್ಮಿಂಟನ್‌ನಲ್ಲಿ ಬೆಳ್ಳಿ ಪಡೆದರು. 2024ರ ಪ್ಯಾರಿಸ್ ಕೂಟದಲ್ಲಿ ಭಾರತ ಒಟ್ಟು 29 ಪದಕಗಳನ್ನು ಗಳಿಸಿತು.

ಚಳಿಗಾಲದ ಕೂಟದಿಂದ ದೂರ ಉಳಿದ ಕಾರಣಗಳು

ಬೇಸಿಗೆಯಲ್ಲಿ ಇಷ್ಟು ಮುಂದುವರಿದ ದೇಶ ಚಳಿಗಾಲದ ಕೂಟಕ್ಕೆ ಹೋಗದಿರುವುದಕ್ಕೆ ಹವಾಮಾನವೊಂದೇ ಕಾರಣವಲ್ಲ. ಸಾಮಾನ್ಯರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಭಾರತ 1964ರಲ್ಲೇ ಜೆರೆಮಿ ಬುಜಾಕೋವ್‌ಸ್ಕಿ ಅವರ ಮೂಲಕ ಪ್ರವೇಶ ಪಡೆದಿತ್ತು. ಶಿವ ಕೇಶವನ್ 1998ರಿಂದ 2018ರವರೆಗೆ ಆರು ಬಾರಿ ಸ್ಪರ್ಧಿಸಿದರು. ಗುಲ್ಮಾರ್ಗ್, ಔಲಿ, ಸೋಲಾಂಗ್ ಮತ್ತು ನಾರಕಂಡದಲ್ಲಿ ಸ್ಕೀಯಿಂಗ್‌ಗೆ ಯೋಗ್ಯವಾದ ಇಳಿಜಾರುಗಳಿವೆ.

ಮೊದಲ ತೊಡಕು ಸಲಕರಣೆಯದು. ಕುಳಿತು ಜಾರುವ ಸ್ಕೀಯನ್ನು ಸ್ಪರ್ಧಿಯ ದೇಹದ ಅಳತೆಗೆ ಹೊಂದಿಸಬೇಕು. ಕ್ರೀಡೆ ತನಗೆ ಒಗ್ಗುವುದೇ ಎಂದು ಪರೀಕ್ಷಿಸಲು ಬಂದ ಹೊಸಬರಿಗೆ ಎರವಲು ಕೊಡಲು ಅದು ಲಭ್ಯವಿರಬೇಕು. ಎರಡನೆಯದು ತಲುಪುವ ದಾರಿ. ಗುಡ್ಡಗಾಡಿನ ಶಿಬಿರಕ್ಕೆ ಹೋಗುವ ರಸ್ತೆ, ಮೇಲೇರಿಸುವ ಯಂತ್ರ, ತಂಗುವ ಕೊಠಡಿ, ಶೌಚಾಲಯ ಎಲ್ಲವೂ ಗಾಲಿಕುರ್ಚಿಗೆ ಅನುಕೂಲವಾಗಿರಬೇಕು. ಮೂರನೆಯದು ವರ್ಗೀಕರಣ ಮತ್ತು ಅರ್ಹತೆ. ಸ್ಪರ್ಧಿ ಅಂತರರಾಷ್ಟ್ರೀಯ ವರ್ಗೀಕರಣಕ್ಕೆ ಒಳಗಾಗಿ, ಮಾನ್ಯತೆ ಪಡೆದ ಸ್ಪರ್ಧೆಗಳಲ್ಲಿ ಅರ್ಹತಾ ಅಂಕಗಳನ್ನು ಗಳಿಸಬೇಕಾಗುತ್ತದೆ. ಇದಕ್ಕಾಗಿ ಪದೇ ಪದೇ ವಿದೇಶ ಪ್ರಯಾಣ ಮಾಡುವುದು ವೆಚ್ಚದ ಮಾತು.

ಈಜು, ಬ್ಯಾಡ್ಮಿಂಟನ್, ಎಸೆತದಂತಹ ಕ್ರೀಡೆಗಳಿಗೆ ಈ ತೊಡಕುಗಳು ಅಷ್ಟಾಗಿ ಇಲ್ಲ. ದಕ್ಷಿಣ ಬೆಂಗಳೂರಿನ ಮಗುವೊಂದಕ್ಕೆ ಬಸವನಗುಡಿಯ ಈಜುಕೊಳ ಮನೆಯಿಂದ ಬಸ್ಸಿನ ದೂರದಲ್ಲಿದೆ. ಹಿಮದ ಇಳಿಜಾರು ಎರಡು ಸಾವಿರ ಕಿಲೋಮೀಟರಿಗೂ ಆಚೆ ಇದೆ.

ಚಳಿಗಾಲದ ವಿಶೇಷ ಒಲಿಂಪಿಕ್ಸ್‌ನಲ್ಲಿ ಭಾರತ

ಭಾರತದಲ್ಲಿ ಈ ಚಳವಳಿಯನ್ನು ನಡೆಸುವ ಸಂಸ್ಥೆ 'ಸ್ಪೆಷಲ್ ಒಲಿಂಪಿಕ್ಸ್ ಭಾರತ್'. ಇದು 2001ರಲ್ಲಿ ನ್ಯಾಸವಾಗಿ ನೋಂದಣಿಯಾಯಿತು. ಕೇಂದ್ರ ಸರ್ಕಾರ ಇದನ್ನು ಬೌದ್ಧಿಕ ವೈಕಲ್ಯವುಳ್ಳವರ ರಾಷ್ಟ್ರೀಯ ಕ್ರೀಡಾ ಒಕ್ಕೂಟವೆಂದು ಮಾನ್ಯ ಮಾಡಿದೆ.

2013ರಲ್ಲಿ ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್‌ನಲ್ಲಿ ನಡೆದ ಕೂಟದಲ್ಲಿ ಭಾರತ 46 ಪದಕಗಳನ್ನು ಪಡೆಯಿತು. 2017ರ ಮಾರ್ಚ್‌ನಲ್ಲಿ ಆಸ್ಟ್ರಿಯಾದ ಗ್ರಾಟ್ಸ್, ಶ್ಲಾಡ್ಮಿಂಗ್ ಮತ್ತು ರಾಮ್ಸಾವುಗಳಲ್ಲಿ ನಡೆದ ಕೂಟದಲ್ಲಿ 37 ಚಿನ್ನ, 10 ಬೆಳ್ಳಿ ಹಾಗೂ 26 ಕಂಚು ಸೇರಿ 73 ಪದಕಗಳು ಬಂದವು. ಬಳಿಕ ರಷ್ಯಾದ ಕಜಾನ್‌ನಲ್ಲಿ ನಡೆಯಬೇಕಿದ್ದ ಕೂಟ ರದ್ದಾಯಿತು. ಎಂಟು ವರ್ಷಗಳ ಅಂತರದ ನಂತರ 2025ರ ಮಾರ್ಚ್ 8ರಿಂದ 15ರವರೆಗೆ ಇಟಲಿಯ ಟ್ಯೂರಿನ್‌ನಲ್ಲಿ ಕೂಟ ನಡೆಯಿತು. ಅಲ್ಲಿಗೆ ತೆರಳಿದ 49 ಮಂದಿಯ ಭಾರತೀಯ ತಂಡದಲ್ಲಿ 30 ಮಂದಿ ಕ್ರೀಡಾಪಟುಗಳಿದ್ದರು. ಅವರು 8 ಚಿನ್ನ, 18 ಬೆಳ್ಳಿ, 7 ಕಂಚು ಹೀಗೆ 33 ಪದಕಗಳನ್ನು ಗಳಿಸಿದರು.

ಹಿಮವಿಲ್ಲದ ಊರುಗಳ ಮಕ್ಕಳೂ ಈ ತಂಡವನ್ನು ಸೇರಲು ಸಾಧ್ಯವಾಗುವುದಕ್ಕೆ ಕ್ರೀಡೆಗಳ ಆಯ್ಕೆಯೇ ಕಾರಣ. ಫ್ಲೋರ್‌ಬಾಲ್ ಒಳಾಂಗಣ ಆಟ. ಇದಕ್ಕೆ ಹಿಮವಾಗಲಿ ಮಂಜುಗಡ್ಡೆಯಾಗಲಿ ಬೇಕಿಲ್ಲ. 23 ಗ್ರಾಂ ತೂಕದ, 26 ರಂಧ್ರಗಳುಳ್ಳ ಪ್ಲಾಸ್ಟಿಕ್ ಚೆಂಡು, ಹಗುರವಾದ ಕೋಲುಗಳು ಮತ್ತು ನಯವಾದ ನೆಲವಿದ್ದರೆ ಸಾಕು. ರೋಲರ್ ಸ್ಕೇಟಿಂಗ್ ಕಲಿತವರು ಸಮತೋಲನದ ಅಭ್ಯಾಸವನ್ನು ಮಂಜುಗಡ್ಡೆಯ ಮೇಲಿನ ವೇಗದ ಸ್ಕೇಟಿಂಗ್‌ಗೆ ಬಳಸಿಕೊಳ್ಳಬಹುದು. ಸ್ನೋಶೂಯಿಂಗ್ ಎಂಬುದು ಪಾದಕ್ಕೆ ಅಗಲವಾದ ಚೌಕಟ್ಟನ್ನು ಕಟ್ಟಿಕೊಂಡು ಹಿಮದ ಮೇಲೆ ಓಡುವ ಸ್ಪರ್ಧೆ. ಇದಕ್ಕೆ ಬುನಾದಿ ಓಟದ ತರಬೇತಿಯೇ. ಹಿಮದ ಅಭ್ಯಾಸವನ್ನು ಹಿಮಾಚಲ ಪ್ರದೇಶದ ನಾರಕಂಡದಂತಹ ಸ್ಥಳಗಳ ಶಿಬಿರಗಳಲ್ಲಿ ನೀಡಲಾಗುತ್ತದೆ.

ಪದಕಗಳ ಅರ್ಥ

ವಿಶೇಷ ಒಲಿಂಪಿಕ್ಸ್‌ನ ಪದಕಸಂಖ್ಯೆಯನ್ನು ಪ್ಯಾರಾಲಿಂಪಿಕ್ಸ್‌ನ ಸಂಖ್ಯೆಯೊಡನೆ ಹೋಲಿಸುವುದು ಸರಿಯಲ್ಲ. ವಿಶೇಷ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಗಳನ್ನು ವಯಸ್ಸು, ಲಿಂಗ ಮತ್ತು ಸಾಮರ್ಥ್ಯಕ್ಕೆ ಅನುಗುಣವಾಗಿ ಚಿಕ್ಕ ಚಿಕ್ಕ ಗುಂಪುಗಳಾಗಿ ವಿಂಗಡಿಸಲಾಗುತ್ತದೆ. ಸಾಮಾನ್ಯವಾಗಿ ಒಂದು ಗುಂಪಿನಲ್ಲಿ ಮೂವರಿಂದ ಎಂಟು ಮಂದಿ ಇರುತ್ತಾರೆ. ಪ್ರತಿ ಗುಂಪಿನಲ್ಲೂ ಮೊದಲ ಮೂವರಿಗೆ ಪದಕ, ಉಳಿದವರಿಗೆ ರಿಬ್ಬನ್ ನೀಡಲಾಗುತ್ತದೆ. ಸಮಬಲರ ನಡುವೆ ಸ್ಪರ್ಧೆ ಏರ್ಪಡಿಸಿ ಪ್ರತಿಯೊಬ್ಬರಿಗೂ ಗೆಲ್ಲುವ ನ್ಯಾಯಯುತ ಅವಕಾಶ ಕೊಡುವುದು ಇದರ ಉದ್ದೇಶ. ಪ್ಯಾರಾಲಿಂಪಿಕ್ಸ್‌ನ ಗುರಿ ಪ್ರತಿ ವರ್ಗದಲ್ಲಿ ಜಗತ್ತಿನ ಶ್ರೇಷ್ಠರನ್ನು ಗುರುತಿಸುವುದು.

ಸರ್ಕಾರದ ಪುರಸ್ಕಾರದಲ್ಲೂ ಈ ವ್ಯತ್ಯಾಸ ಕಾಣುತ್ತದೆ. ಕೇಂದ್ರ ಸರ್ಕಾರದ ನಗದು ಪುರಸ್ಕಾರ ಯೋಜನೆಯಲ್ಲಿ ಪ್ಯಾರಾಲಿಂಪಿಕ್ಸ್ ಚಿನ್ನಕ್ಕೆ 75 ಲಕ್ಷ ರೂಪಾಯಿ, ವಿಶೇಷ ಒಲಿಂಪಿಕ್ಸ್ ಚಿನ್ನಕ್ಕೆ 5 ಲಕ್ಷ ರೂಪಾಯಿ ನಿಗದಿಯಾಗಿತ್ತು. ಆದರೂ ಈ ಮೊತ್ತವನ್ನು ಕಡೆಗಣಿಸುವಂತಿಲ್ಲ. ತಂದೆತಾಯಿಗಳ ನಂತರ ಬೌದ್ಧಿಕ ವೈಕಲ್ಯವುಳ್ಳ ಮಗುವಿನ ಜೀವನ ಹೇಗೆ ಎಂಬ ಚಿಂತೆ ಇಂತಹ ಪ್ರತಿಯೊಂದು ಕುಟುಂಬವನ್ನೂ ಕಾಡುತ್ತದೆ. ಪುರಸ್ಕಾರದ ಹಣ ಆ ಚಿಂತೆಗೆ ಅಲ್ಪಮಟ್ಟಿನ ಆಸರೆಯಾಗಬಲ್ಲದು.

ಬೆಂಗಳೂರಿನಿಂದ ಹಿಮದವರೆಗೆ

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು ಬೌದ್ಧಿಕ ವೈಕಲ್ಯವೂ ಸೇರಿದಂತೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಕ್ರೀಡೆಯಲ್ಲಿ ಭಾಗವಹಿಸುವ ಹಕ್ಕನ್ನೂ ಅದು ಒಳಗೊಂಡಿದೆ. ಸೌಲಭ್ಯಗಳನ್ನು ಪಡೆಯಲು ವೈಕಲ್ಯದ ಪ್ರಮಾಣಪತ್ರ ಅಗತ್ಯ. ಜಯನಗರದ ಸಮೀಪ ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್‌ನಂತಹ ಸಂಸ್ಥೆಗಳಲ್ಲಿ ಬೌದ್ಧಿಕ ಸಾಮರ್ಥ್ಯದ ಪರೀಕ್ಷೆ ನಡೆಯುತ್ತದೆ. ಜಯನಗರ, ಬನಶಂಕರಿ, ಜೆ.ಪಿ. ನಗರ ಮುಂತಾದ ಬಡಾವಣೆಗಳಲ್ಲಿ ಸಂಜೆಯ ಹೊತ್ತು ಮಕ್ಕಳು ರೋಲರ್ ಸ್ಕೇಟ್ ಕಟ್ಟಿಕೊಂಡು ಅಭ್ಯಾಸ ಮಾಡುವುದು ಪರಿಚಿತ ದೃಶ್ಯ. ವಿಶೇಷ ಶಾಲೆಗಳ ಮಕ್ಕಳಿಗೂ ಇದೇ ಅಂಗಳಗಳು ಮತ್ತು ಶಾಲಾ ಸಭಾಂಗಣಗಳು ಚಳಿಗಾಲದ ಕ್ರೀಡೆಯ ಮೊದಲ ಮೆಟ್ಟಿಲಾಗಬಹುದು.

ದಕ್ಷಿಣದ ನಾಡಿನವರು ಹಿಮದ ಕ್ರೀಡೆಗೆ ಒಗ್ಗಲಾರರೆಂಬ ಭಾವನೆಗೆ ಕರ್ನಾಟಕದಲ್ಲೇ ಉತ್ತರವಿದೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಸಾಮಾನ್ಯರ ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ನಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಭಾರತವನ್ನು ಪ್ರತಿನಿಧಿಸಿದ್ದಾರೆ.

ಇತರ ದೇಶಗಳ ಅನುಭವ

ಹಿಮ ಅಪರೂಪವಾದ ದೇಶಗಳೂ ಚಳಿಗಾಲದ ಪ್ಯಾರಾಲಿಂಪಿಕ್ಸ್ ತಲುಪಿವೆ. ಬ್ರೆಜಿಲ್ 2014ರ ಸೋಚಿ ಕೂಟದಲ್ಲಿ ಮೊದಲ ಬಾರಿಗೆ ಭಾಗವಹಿಸಿತು. ಅಲ್ಲಿನ ಸ್ಪರ್ಧಿಗಳು ಚಕ್ರ ಅಳವಡಿಸಿದ ಸ್ಕೀಗಳ ಮೇಲೆ ರಸ್ತೆಯಲ್ಲಿ ಅಭ್ಯಾಸ ಮಾಡುತ್ತಾರೆ. ಕುಳಿತು ಸ್ಪರ್ಧಿಸುವ ಕ್ರಿಸ್ಟಿಯಾನ್ ರಿಬೇರಾ 2018ರಲ್ಲಿ 15 ಕಿಲೋಮೀಟರ್ ಕ್ರಾಸ್‌ಕಂಟ್ರಿ ಸ್ಪರ್ಧೆಯಲ್ಲಿ ಆರನೆಯ ಸ್ಥಾನ ಪಡೆದರು. ಉಷ್ಣವಲಯದ ದ್ವೀಪವಾದ ಪೋರ್ಟೊ ರಿಕೊ 2022ರಲ್ಲಿ ಪದಾರ್ಪಣೆ ಮಾಡಿತು. 2002ರಲ್ಲಿ ಮೊದಲ ಬಾರಿಗೆ ಬಂದ ಚೀನಾಕ್ಕೆ ಮೊದಲ ಪದಕ ದೊರೆತದ್ದು 2018ರಲ್ಲಿ, ಗಾಲಿಕುರ್ಚಿ ಕರ್ಲಿಂಗ್‌ನ ಚಿನ್ನದ ರೂಪದಲ್ಲಿ. ನಾಲ್ಕೇ ವರ್ಷಗಳ ಬಳಿಕ ತನ್ನದೇ ನೆಲದಲ್ಲಿ ಅದು 61 ಪದಕಗಳೊಂದಿಗೆ ಅಗ್ರಸ್ಥಾನಕ್ಕೇರಿತು.

ಚೀನಾಕ್ಕೆ ಮೊದಲ ಪದಕ ತಂದ ಗಾಲಿಕುರ್ಚಿ ಕರ್ಲಿಂಗ್ ಒಳಾಂಗಣದ ಕ್ರೀಡೆ. ಇದರಲ್ಲಿ ಸ್ತ್ರೀಪುರುಷರು ಒಂದೇ ತಂಡದಲ್ಲಿ ಆಡುತ್ತಾರೆ. ಇದಕ್ಕೆ ಪರ್ವತ ಬೇಕಿಲ್ಲ, ಕೃತಕ ಮಂಜುಗಡ್ಡೆಯ ಅಂಕಣ ಸಾಕು. ಬೇಸಿಗೆಯ ಕೂಟಗಳಲ್ಲಿ ಭಾರತ ಮೊದಲ ಚಿನ್ನದಿಂದ ಪ್ಯಾರಿಸ್‌ನ 29 ಪದಕಗಳವರೆಗೆ ತಲುಪಲು 52 ವರ್ಷಗಳು ಹಿಡಿದವು.