ಸಕ್ಕರೆ ಅಚ್ಚು ಮತ್ತು ನಮ್ಮ ಸಾಲಿನ ಮಕ್ಕಳು

ಸಂಕ್ರಾಂತಿಯ ದಿನ ಎಳ್ಳು ಬೀರುವ ಪದ್ಧತಿ ಹಳೆಯ ಮೈಸೂರು ಸೀಮೆಯವರಾದ ನಮಗೆ ಹೊಸದೇನಲ್ಲ. ಜನವರಿ 14ರಂದೋ 15ರಂದೋ ಸಂಜೆ, ಹುಡುಗಿಯರು ಲಂಗ ಉಟ್ಟು, ಹೂ ಮುಡಿದು, ತಟ್ಟೆಯಲ್ಲಿ ಎಳ್ಳುಬೆಲ್ಲ, ಸಕ್ಕರೆ ಅಚ್ಚು, ಕಬ್ಬಿನ ತುಂಡು, ಬಾಳೆಹಣ್ಣು ಇಟ್ಟುಕೊಂಡು ಮನೆಮನೆಗೆ ಹೋಗುತ್ತಾರೆ. ಪಡೆದ ಮನೆಯವರೂ ತಮ್ಮ ಎಳ್ಳನ್ನು ಕೊಟ್ಟು ಕಳುಹಿಸುತ್ತಾರೆ. ಮನೆಯಲ್ಲಿಯೇ ಮಾಡಿ ಮಕ್ಕಳ ಕೈಯಿಂದಲೇ ಕೊಡಿಸುವ ಇಂಥ ಉಡುಗೊರೆ ನಮ್ಮಲ್ಲಿ ಬೇರೆ ಯಾವುದಿದೆಯೋ ನಾನರಿಯೆ. ಅದೂ ಈಗ ಅಂಗಡಿಗಳಲ್ಲಿ ಸಿದ್ಧ ಪೊಟ್ಟಣವಾಗಿ ದೊರೆಯುತ್ತಿದೆ. ಕಳೆದ ಸಂಕ್ರಾಂತಿಯಲ್ಲಿ ನಮ್ಮ ಸಾಲಿನ 7 ಮಕ್ಕಳನ್ನು ಕಟ್ಟಿಕೊಂಡು ನಾನು ಇದನ್ನು ಮಾಡಿ ನೋಡಿದೆ. ಅದರ ಕ್ರಮವನ್ನು ಮಿತ್ರರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ. ಅಡುಗೆಮನೆಯ ವಿಷಯಕ್ಕೆ ಕಾಲೇಜಿನ ಪತ್ರಿಕೆಯಲ್ಲೇನು ಕೆಲಸ ಎಂದು ಗುರುಗಳು ಹುಬ್ಬೇರಿಸದಿರಲಿ.

ಮೊದಲು ಸ್ವಲ್ಪ ಹಿನ್ನೆಲೆ ಹೇಳಬೇಕು. ನಮ್ಮ ಊರು ಮಂಡ್ಯದ ಕಡೆಯದು. 1933ರಲ್ಲಿ ಅಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದದ್ದನ್ನು ಎಲ್ಲರೂ ಬಲ್ಲರು. ಅಪ್ಪ ಕಬ್ಬು ಕಡಿಯುವ ಕೂಲಿ. ಅವ್ವ ಊರಿನ ಒಂದು ದೊಡ್ಡ ಮನೆಯಲ್ಲಿ ಕೆಲಸಕ್ಕಿದ್ದಳು. ಸಂಕ್ರಾಂತಿಗೆ ವಾರವಿರುವಾಗಲೇ ಅವಳು ಆ ಮನೆಯ ಹಿತ್ತಿಲಲ್ಲಿ ಒಲೆ ಹೂಡಿ ಸಕ್ಕರೆ ಅಚ್ಚು ಹುಯ್ಯುತ್ತಿದ್ದಳು. ಪಾಕದ ಹದದಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಆದರೆ ನಮ್ಮ ಮನೆಗೆ ಬರುತ್ತಿದ್ದುದು ಮುರಿದವು ಮಾತ್ರ. ಆನೆಗೆ ಸೊಂಡಿಲಿರುವುದು ಪುಸ್ತಕದಲ್ಲಿ ಮಾತ್ರ, ಸಕ್ಕರೆ ಆನೆಯನ್ನು ಮಾಡುವುದೇ ಹಾಗೆ, ಎಂದು ನಾನು ಬಹಳ ದಿನ ತಿಳಿದಿದ್ದೆ. ಎಳ್ಳು ಬೀರುವ ಹುಡುಗಿಯರ ತಟ್ಟೆಗಳು ಮೇಲಿನ ಬೀದಿಯನ್ನು ಮುಗಿಸಿಕೊಂಡು ಹಿಂದಿರುಗುತ್ತಿದ್ದವು. ನಮ್ಮ ಸಾಲಿಗೆ ಬರುತ್ತಿರಲಿಲ್ಲ. ನಮ್ಮವರೂ ಯಾರಿಗೂ ಬೀರುತ್ತಿರಲಿಲ್ಲ.

ಈ ಸಲ ನನ್ನ ವಿದ್ಯಾರ್ಥಿವೇತನದಲ್ಲಿ ಸ್ವಲ್ಪ ಹಣ ಉಳಿದಿತ್ತು. ಮರದ ಅಚ್ಚು 4 ಜೊತೆ ಕೊಂಡೆ: ಆನೆ, ಹಂಸ, ಗೋಪುರ, ತುಳಸಿಕಟ್ಟೆ. ಮೊಣಕಾಲು ನೋವಿನಿಂದ ಅವ್ವ ಕೆಲಸ ಬಿಟ್ಟಿದ್ದಳು. ಹೀಗಾಗಿ ಗುರುವೂ ಮನೆಯಲ್ಲಿಯೇ ದೊರೆತಂತಾಯಿತು.

ಎಳ್ಳುಬೆಲ್ಲದ ಕೆಲಸ ಒಂದು ವಾರ ಮೊದಲೇ ಆರಂಭವಾಗಬೇಕು. ಕೊಬ್ಬರಿಯ ಕಂದು ಸಿಪ್ಪೆಯನ್ನು ಹೆರೆದು, ಬಿಳಿಯ ಭಾಗವನ್ನು ಸಣ್ಣ ಸಣ್ಣ ಚೂರು ಮಾಡಿ ಬಿಸಿಲಿಗೆ ಹರಡಬೇಕು. ಗಟ್ಟಿಯಾದ ಅಚ್ಚುಬೆಲ್ಲವನ್ನೂ ಹಾಗೆಯೇ ಚೂರು ಮಾಡಿ ಒಣಗಿಸಬೇಕು. ಕಡಲೆಕಾಯಿ ಬೀಜವನ್ನು ಹುರಿದು, ಉಜ್ಜಿ, ಸಿಪ್ಪೆ ಕೇರಿ, ಬೇಳೆ ಮಾಡಬೇಕು. ಬಿಳಿ ಎಳ್ಳನ್ನು ಚಟಪಟ ಎನ್ನುವವರೆಗೆ ಹುರಿದರೆ ಸಾಕು. ಒಂದು ಕ್ಷಣ ಮೀರಿದರೆ ಕಹಿ. ಹುರಿಗಡಲೆಗೆ ಬಿಸಿ ತಾಕಿಸಿದರಾಯಿತು. ನಾವು ಕೊಬ್ಬರಿ, ಬೆಲ್ಲ, ಕಡಲೆಬೀಜ, ಹುರಿಗಡಲೆ ಇವನ್ನು ಸಮಸಮವಾಗಿ ಒಂದೊಂದು ಪಾವು, ಎಳ್ಳನ್ನು ಅದರರ್ಧ ಹಾಕಿದೆವು. ಬೆಲ್ಲ ಗಾಳಿಯ ತೇವವನ್ನು ಹೀರುವುದರಿಂದ ಅದನ್ನು ಕಡೆಗೆ ಬೆರೆಸಬೇಕು. ಇಲ್ಲವಾದರೆ ಹಬ್ಬದ ಹೊತ್ತಿಗೆ ಎಲ್ಲವೂ ಮುದ್ದೆ.

ಕೆಲಸವನ್ನು ಮಕ್ಕಳಿಗೆ ಹಂಚುವುದರಲ್ಲಿ ನಾನು ಮೊದಲ ದಿನವೇ ತಪ್ಪಿದೆ. ಚಿಕ್ಕವರನ್ನು ಬೆಲ್ಲದ ಬಳಿ ಕೂರಿಸಿದ್ದೆ. ಸಂಜೆಯ ಹೊತ್ತಿಗೆ ಅಳೆದು ನೋಡಿದರೆ ಕಾಲು ಪಾಲು ಮಾಯ! ಮರುದಿನ ಅವರನ್ನು ಕಡಲೆಬೀಜದ ಸಿಪ್ಪೆ ಊದಲು ಹಾಕಿದೆ. ಅದು ಅವರಿಗೆ ಆಟವೂ ಆಯಿತು, ಅವರ ಬಾಯಿಗೆ ಕೆಲಸವೂ ಆಯಿತು.

ಸಕ್ಕರೆ ಅಚ್ಚಿನದು ಬೇರೆಯೇ ಶಿಸ್ತು. ಮರದ ಅಚ್ಚುಗಳನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಹಾಕಬೇಕು. ಒಣ ಮರ ಪಾಕದ ನೀರನ್ನು ಹೀರಿ ಸಕ್ಕರೆಯನ್ನು ಹಿಡಿದುಕೊಂಡುಬಿಡುತ್ತದೆ. ಬೆಳಗ್ಗೆ ಒರೆಸಿ, ಎರಡು ಹೋಳುಗಳನ್ನೂ ಜೋಡಿಸಿ, ಹುರಿಯಿಂದ ಬಿಗಿಯಾಗಿ ಕಟ್ಟಿ, ಬಾಯಿ ಮೇಲೆ ಮಾಡಿ ಸಾಲಾಗಿ ನಿಲ್ಲಿಸಬೇಕು. ಸಕ್ಕರೆ ಮುಳುಗುವಷ್ಟು ನೀರು ಹಾಕಿ ಕಾಯಿಸಿ, ಕುದಿ ಬಂದಾಗ ಎರಡು ಚಮಚ ಹಾಲು ಹಾಕಿದರೆ ಕಸವೆಲ್ಲ ನೊರೆಯೊಡನೆ ಮೇಲೆ ಬರುತ್ತದೆ. ಹಾಲು ಒಡೆದು, ಮಲಿನವನ್ನು ತನ್ನೊಳಗೆ ಸಿಕ್ಕಿಸಿಕೊಂಡು ತೇಲುವುದೇ ಇದರ ಗುಟ್ಟು. ಅದನ್ನು ಬಟ್ಟೆಯಲ್ಲಿ ಸೋಸಬೇಕು. ಆಮೇಲೆ ಒಂದೆರಡು ಸೌಟಿನಷ್ಟನ್ನೇ ಸಣ್ಣ ಪಾತ್ರೆಗೆ ತೆಗೆದುಕೊಂಡು, ಎಳೆ ಬರುವವರೆಗೆ ಕಾಯಿಸಿ, ಸೌಟಿನಿಂದ ಪಾತ್ರೆಯ ಮೈಗೆ ಉಜ್ಜಬೇಕು. ನೀರು ಆರಿದ ಪಾಕದಲ್ಲಿ, ತಣ್ಣಗಾದಾಗ ಕರಗಿ ನಿಲ್ಲಲಾರದಷ್ಟು ಸಕ್ಕರೆ ಇರುತ್ತದೆ. ಉಜ್ಜಿದಾಗ ಲೆಕ್ಕವಿಲ್ಲದಷ್ಟು ಸಣ್ಣ ಹರಳುಗಳು ಒಮ್ಮೆಗೇ ಹುಟ್ಟಿ ಪಾಕ ಬೆಳ್ಳಗಾಗುತ್ತದೆ. ಹರಳು ಸಣ್ಣದಾದಷ್ಟೂ ಅಚ್ಚು ನುಣುಪು. ಬೆಳ್ಳಗಾದದ್ದೇ ತಡ ಹುಯ್ಯಬೇಕು. ತಡಮಾಡಿದರೆ ಪಾತ್ರೆಯಲ್ಲಿಯೇ ಕಲ್ಲು. ಆತುರಪಟ್ಟರೆ ಅಚ್ಚಿನಲ್ಲಿ ಅಂಟು. “ಕಣ್ಣಲ್ಲಿ ನೋಡ್ಬ್ಯಾಡ, ಸೌಟು ಭಾರವಾಗೋದ ನೋಡು” ಎಂದಳು ಅವ್ವ. ಮೂರು ಸಲ ಕೆಡಿಸಿದ ಮೇಲೆ ನನಗೆ ಅದರ ಅರ್ಥವಾಯಿತು. ಕೆಟ್ಟದ್ದನ್ನು ನೀರು ಹಾಕಿ ಮತ್ತೆ ಕಾಯಿಸಬಹುದೆಂಬುದು ಈ ವಿದ್ಯೆಯ ಔದಾರ್ಯ.

ಒಂದು ಎಚ್ಚರಿಕೆ. ಪಾಕ ಕುದಿಯುವ ನೀರಿಗಿಂತ ಬಿಸಿ, ಸಾಲದುದಕ್ಕೆ ಮೈಗೆ ಅಂಟಿಕೊಳ್ಳುತ್ತದೆ. ಹತ್ತು ವರ್ಷದೊಳಗಿನವರನ್ನು ಒಲೆಯ ಬಳಿ ಬಿಡಲಿಲ್ಲ. ಅದಕ್ಕೆ ಬದಲಾಗಿ, ಹತ್ತು ನಿಮಿಷದ ಮೇಲೆ ಹುರಿ ಬಿಚ್ಚಿ ಅಚ್ಚು ತೆರೆಯುವ ಭಾಗ್ಯವನ್ನು ಅವರಿಗೇ ಕೊಟ್ಟೆ. ಮೊದಲ ಆನೆ ಸೊಂಡಿಲು ಸಮೇತ ಹೊರಬಂದಾಗ ಎದ್ದ ಕೂಗಿಗೆ ಪಕ್ಕದ ಮನೆಯವರು ಓಡಿಬಂದರು.

ಧಾರವಾಡದ ಕಡೆಯ ನನ್ನ ಸಹಪಾಠಿಯೊಬ್ಬಳು ಇದನ್ನೆಲ್ಲ ಕೇಳಿ ನಕ್ಕಳು. ಅವರಲ್ಲಿ ಕುಸುರೆಳ್ಳು. ಸಣ್ಣ ಉರಿಯ ಮೇಲೆ ಎಳ್ಳಿಗೆ ಸಕ್ಕರೆ ಪಾಕವನ್ನು ಚೂರುಚೂರೇ ಹಾಕುತ್ತ, ಕೈಯಾಡಿಸುತ್ತ, ಒಂದೊಂದು ಕಾಳಿಗೂ ಮುಳ್ಳು ಬರಿಸುತ್ತಾರೆ. ಅಷ್ಟು ತಾಳ್ಮೆ ನಮ್ಮ ಮಕ್ಕಳಿಗೂ ಇಲ್ಲ, ನನಗೂ ಇಲ್ಲ.

ಒಂದು ಕಿಲೋ ಸಕ್ಕರೆಯಲ್ಲಿ 43 ಅಚ್ಚುಗಳಾದವು, ಮುರಿದವು 9. ಮುರಿದವನ್ನು ನಾವು ತಿನ್ನುವುದು, ಇಡಿಯಾಗಿರುವುದನ್ನು ಕೊಡುವುದು ಎಂದು ಮಕ್ಕಳೇ ತೀರ್ಮಾನಿಸಿದರು. ನಮ್ಮ ಸಾಲಿನ ಮನೆಗಳಿಗೆಲ್ಲ ಬೀರಿದ ಮೇಲೂ ತಟ್ಟೆಯಲ್ಲಿ ಉಳಿದಿದ್ದವು. “ದೊಡ್ಮನೆಗೂ ಕೊಡಾನ ಅಕ್ಕ” ಎಂದಳು ಎಲ್ಲರಿಗಿಂತ ಚಿಕ್ಕವಳು.

“ಬ್ಯಾಡ ಕಣವ್ವ. ಅವರ ಮನೇಲಿ ಇಲ್ಲದ್ದಾ?” ಎಂದಳು ಅವ್ವ.

ರಾಜ್ಯಶಾಸ್ತ್ರದ ಪತ್ರಿಕೆಯಲ್ಲಿ ಸಮಾನತೆಯ ಹಕ್ಕಿನ ಮೇಲೆ 4 ಪುಟ ಬರೆದಿದ್ದ ನನಗೆ ಅವ್ವನೆದುರಿಗೆ 4 ಮಾತು ಹೊಳೆಯಲಿಲ್ಲ. ನಾನು ಸುಮ್ಮನಿರುವಷ್ಟರಲ್ಲಿ ಮಕ್ಕಳು ಹೊರಟೇಬಿಟ್ಟಿದ್ದರು. ಹಿಂದೆಯೇ ಓಡಿದೆ.

ಆ ಮನೆಯ ಹಿತ್ತಿಲ ಬಾಗಿಲು ನನಗೆ ಚೆನ್ನಾಗಿ ಗೊತ್ತು. ಕಾಲು ತಾನಾಗಿಯೇ ಅತ್ತ ತಿರುಗಿತು. ಮಕ್ಕಳಿಗೆ ಅದು ಗೊತ್ತಿರಲಿಲ್ಲ. ಅವರು ಮುಂಬಾಗಿಲಿನ ಜಗಲಿ ಹತ್ತಿ ನಿಂತಿದ್ದರು. ಅಮ್ಮಾವ್ರೇ ಹೊರಗೆ ಬಂದರು. ಒಳಗೆ ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಎನ್ನಲಿಲ್ಲ. ಗೋಪುರವೊಂದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು, “ಪಾಕ ನಿಮ್ಮವ್ವನದೇ ಅಲ್ವೇನೆ?” ಎಂದು ನನ್ನನ್ನು ಕೇಳಿದರು.

“ಅಲ್ಲ, ಅಕ್ಕಂದು. ಅಚ್ಚು ಬಿಚ್ಚಿದ್ದು ನಾನು” ಎಂದಳು ಚಿಕ್ಕವಳು.

ಅವರು ಒಳಗೆ ಹೋಗಿ, ಸ್ವಲ್ಪ ಹೊತ್ತಾದ ಮೇಲೆ, ಅದೇ ತಟ್ಟೆಯಲ್ಲಿ ತಮ್ಮ ಮನೆಯ ಎಳ್ಳನ್ನು ತುಂಬಿ ತಂದರು. ಮೇಲೆ ಒಂದು ಆನೆ ಇತ್ತು, ಇಡಿಯ ಆನೆ.

ಮನೆಗೆ ತಂದಾಗ ಅವ್ವ ಅದನ್ನು ಅತ್ತಿತ್ತ ತಿರುಗಿಸಿ ನೋಡಿದಳು. “ಅಂಗಡೀದು. ಸರಿಯಾಗಿ ಉಜ್ಜಿಲ್ಲ, ಹರಳು ದಪ್ಪ ಬಿದ್ದೈತೆ” ಎಂದಳು. ಮಕ್ಕಳು ಸೊಂಡಿಲನ್ನು ಮೊದಲು ಮುರಿದು ಅವಳ ಕೈಗೆ ಕೊಟ್ಟರು.